ಹೆಸರು ಗೊತ್ತು, ಮನೆಯ ಕಥೆ ಗೊತ್ತೇ?

ಕ್ವಿಝ್ ಸ್ಪರ್ಧೆಗೆ ಸಿದ್ಧರಾಗುವ ಮಕ್ಕಳನ್ನು ಕೂರಿಸಿಕೊಂಡು ನೀವು ಪ್ರಶ್ನೆ ಕೇಳುತ್ತಿರಬಹುದು. ಉತ್ತರವೆಂದರೆ ಒಂದು ಹೆಸರು, ಅಷ್ಟೆ. ಆದರೆ ಆ ಹೆಸರಿನ ಹಿಂದೆ ಒಂದು ಮನೆಯೂ ಇರುತ್ತದೆ. ಈ ತಿಂಗಳ ನಾಲ್ಕು ಪ್ರಶ್ನೆಗಳ ಜೊತೆ ಆ ಮನೆಯ ಕಥೆಯನ್ನೂ ಮಕ್ಕಳಿಗೆ ಹೇಳಿ.

ಸುಪ್ರೀಂ ಕೋರ್ಟಿನ ಪ್ರಥಮ ಮಹಿಳಾ ನ್ಯಾಯಾಧೀಶೆ ಯಾರು?
ಎಂ. ಫಾತಿಮಾ ಬೀವಿ. 1927ರಲ್ಲಿ ಕೇರಳದ ಪತ್ತನಂತಿಟ್ಟದಲ್ಲಿ ಜನಿಸಿದರು. ರಸಾಯನ ಶಾಸ್ತ್ರದಲ್ಲಿ ಆಸಕ್ತಿಯಿದ್ದ ಮಗಳನ್ನು ಕಾನೂನು ಕಲಿಯಲು ಹುರಿದುಂಬಿಸಿದವರು ತಂದೆ ಮೀರಾ ಸಾಹಿಬ್. 1950ರಲ್ಲಿ ಬಾರ್ ಕೌನ್ಸಿಲ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದ ಅವರು, 1989ರಲ್ಲಿ ಸುಪ್ರೀಂ ಕೋರ್ಟಿಗೆ ನೇಮಕಗೊಂಡರು. 1997ರಿಂದ 2001ರ ತನಕ ತಮಿಳುನಾಡಿನ ರಾಜ್ಯಪಾಲರಾಗಿದ್ದರು. 2023ರಲ್ಲಿ ನಿಧನರಾದರು.

ಕೋಲ್ಕತಾದ ಸಖಾವತ್ ಮೆಮೋರಿಯಲ್ ಬಾಲಕಿಯರ ಶಾಲೆಯ ಸ್ಥಾಪಕಿ ಯಾರು?
ಬೇಗಂ ರುಕಯ್ಯಾ. ಹುಡುಗಿಯರಿಗೆ ಬಂಗಾಳಿ, ಇಂಗ್ಲಿಷ್ ಕಲಿಸದ ಕಾಲವದು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅಣ್ಣ ಇಬ್ರಾಹೀಮ್ ಅವರಿಗೆ ಪಾಠ ಹೇಳಿಕೊಡುತ್ತಿದ್ದರು. ಪತಿ ಸಖಾವತ್ ಹುಸೈನ್ ಬರೆಯಲು ಪ್ರೋತ್ಸಾಹಿಸಿದರು. ಬಾಲಕಿಯರ ಶಾಲೆಗೆಂದು ಹಣವನ್ನೂ ತೆಗೆದಿಟ್ಟರು. ಅವರ ಮರಣಾನಂತರ ರುಕಯ್ಯಾ ಭಾಗಲ್ಪುರದಲ್ಲಿ ಆರಂಭಿಸಿದ ಶಾಲೆ, 1911ರಲ್ಲಿ ಕೋಲ್ಕತಾದಲ್ಲಿ ಕೇವಲ 8 ವಿದ್ಯಾರ್ಥಿನಿಯರೊಂದಿಗೆ ಮತ್ತೆ ತೆರೆಯಿತು.

ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಪ್ರಥಮ ಕನ್ನಡ ಲೇಖಕಿ ಯಾರು?
ಹಾಸನದ ಬಾನು ಮುಷ್ತಾಕ್. ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಕೃತಿಗೆ 2025ರಲ್ಲಿ ಈ ಪ್ರಶಸ್ತಿ ಬಂತು. ಎಂಟರ ಹರೆಯದಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮ ಶಾಲೆಗೆ ಸೇರಿಸಲಾಯಿತು. ಆರು ತಿಂಗಳಲ್ಲಿ ಕನ್ನಡ ಓದು, ಬರಹ ಕಲಿಯಬೇಕೆಂಬ ಷರತ್ತಿತ್ತು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು!

2022 ಮತ್ತು 2023ರಲ್ಲಿ ವಿಶ್ವ ಮಹಿಳಾ ಬಾಕ್ಸಿಂಗ್ ಚಿನ್ನ ಗೆದ್ದ ಭಾರತೀಯಳು ಯಾರು?
ತೆಲಂಗಾಣದ ನಿಝಾಮಾಬಾದಿನ ನಿಖತ್ ಝರೀನ್. ಹುಡುಗಿಗೇಕೆ ಈ ಆಟ ಎಂದು ನೆಂಟರಿಷ್ಟರು ಆಕ್ಷೇಪಿಸಿದಾಗ ತಂದೆ ಜಮೀಲ್ ಅಹ್ಮದ್ ಮಗಳ ಪರವಾಗಿ ನಿಂತರು.

ನೋಡಿದಿರಾ? ಒಬ್ಬರ ಹಿಂದೆ ತಂದೆ, ಇನ್ನೊಬ್ಬರ ಹಿಂದೆ ಅಣ್ಣ, ಪತಿ. ಪ್ರತಿಭೆ ಅವರದೇ, ಪರಿಶ್ರಮವೂ ಅವರದೇ. ಆದರೆ ಮೊದಲ ಬಾಗಿಲು ತೆರೆದದ್ದು ಮನೆಯಲ್ಲಿ. ಜ್ಞಾನಾರ್ಜನೆಯನ್ನು ಕಡ್ಡಾಯಗೊಳಿಸಿದ ಧರ್ಮ ನಮ್ಮದು. ಹಾಗಿದ್ದೂ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ ‘ಇನ್ನು ಓದಿ ಏನು ಮಾಡಬೇಕು?’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿ ಬರುತ್ತದೆ. ಹೆಚ್ಚಿನ ಕಡೆ ಕಾಲೇಜಿನ ಅರ್ಜಿ ತರುವ ಮೊದಲೇ ತೀರ್ಮಾನವಾಗಿರುತ್ತದೆ.

ತಾಯಂದಿರೇ, ಆ ಹೊತ್ತಿಗೆ ಸುಮ್ಮನಿರಬೇಡಿ. ಮಗಳಿಗೆ ಏನು ಕಲಿಯುವ ಆಸೆಯಿದೆಯೆಂದು ಮೊದಲು ಅವಳನ್ನೇ ಕೇಳಿ. ಆ ಬಳಿಕ ಅವಳ ಪರವಾಗಿ ಮನೆಯಲ್ಲಿ ಒಂದು ಮಾತು ಆಡಿ. ಅದಕ್ಕೆ ಹಣವೇನೂ ಖರ್ಚಾಗುವುದಿಲ್ಲ.