ದೂರದಲ್ಲಿದ್ದವರು ಬಾಯಿ ಮುಚ್ಚಿಕೊಂಡಿರಬೇಕೆ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಿಂದಲೂ ಈಗ ಮಕ್ಕಳು ಅಮೆರಿಕ, ಜರ್ಮನಿಗೆ ಓದಲು ಹೋಗುತ್ತಾರೆ. ಸಾಲ ಸೋಲ ಮಾಡಿ ಕಳಿಸಿದ ಹೆತ್ತವರಿಗೆ ಒಂದೇ ಅಳುಕು, ಮಗ ಅಲ್ಲೆಲ್ಲಾದರೂ ಬೋರ್ಡು ಹಿಡಿದು ನಿಂತಾನೆಂದು. "ಸುಮ್ಕೆ ಓದ್ಕಂಡಿರು ಮಗಾ, ಊರ ಉಸಾಬರಿ ನಿಂಗ್ಯಾಕೆ?" ಎಂದು ಫೋನಿನಲ್ಲಿ ಬುದ್ಧಿವಾದ ಹೋಗುತ್ತದೆ. ಹೆತ್ತ ಕರುಳಿನ ಭಯ ಸಹಜವೇ. ಆದರೆ ಹೊರದೇಶದಲ್ಲಿ ನಿಂತು ಇಲ್ಲಿನ ಸರ್ಕಾರವನ್ನು ಪ್ರಶ್ನಿಸಿದರೆ ದೇಶದ ಮಾನ ಹೋಗುತ್ತದೆಂದು ಪುಢಾರಿಗಳು ಸೇರಿಸುವ ಮಾತು ಮಾತ್ರ ಒಪ್ಪತಕ್ಕದ್ದಲ್ಲ.

ಈ ಜಿಲ್ಲೆಯ ಚರಿತ್ರೆಯೇ ಬೇರೆ ಪಾಠ ಹೇಳುತ್ತದೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧಾಜ್ಞೆ ಮುರಿದು ಧ್ವಜ ಹಾರಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದರು. ಸುದ್ದಿ ಸಂಸ್ಥಾನದ ಗಡಿ ದಾಟಿತು. ಗಾಂಧೀಜಿ ಪಟೇಲರನ್ನೂ ಕೃಪಲಾನಿಯವರನ್ನೂ ಕಳಿಸಿದರು. ದಿವಾನ್ ಮಿರ್ಜಾ ಸಾಹೇಬರು ರಾಜಿಗೆ ಬಂದು, ಕಾಂಗ್ರೆಸ್ ಧ್ವಜಕ್ಕೂ ಅವಕಾಶವಾಯಿತು. ಹೊರಗಿನ ಕಣ್ಣು ಬಿದ್ದುದರಿಂದ ಮೈಸೂರಿನ ಮಾನವೇನೂ ಹೋಗಲಿಲ್ಲ.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ಪತ್ರಿಕೆಗಳ ಬಾಯಿಗೆ ಸೆನ್ಸಾರ್ ಬೀಗ ಬಿತ್ತು. ಸತ್ಯಾಗ್ರಹ ಮಾಡಿದವರು ಸಾವಿರಗಟ್ಟಲೆ ಜೈಲು ಸೇರಿದರು. ಅಣ್ಣ ಜಾರ್ಜ್ ಎಲ್ಲಿ ಎಂದು ಕೇಳಿ ಲಾರೆನ್ಸ್ ಫರ್ನಾಂಡಿಸರಿಗೆ ಬೆಂಗಳೂರಿನಲ್ಲಿ ಚಿತ್ರಹಿಂಸೆ ಕೊಟ್ಟರು. 'ಸಂಸ್ಕಾರ'ದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇಲ್ಲಿ ಉಸಿರೆತ್ತುವಂತಿರಲಿಲ್ಲ. ಆಗ ಮಾತಾಡಿದವರು ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು, ಯುವಕರು. 'ಇಂಡಿಯನ್ಸ್ ಫಾರ್ ಡೆಮಾಕ್ರಸಿ' ಎಂಬ ಸಂಘ ಕಟ್ಟಿ ವಾಷಿಂಗ್ಟನ್ನಿನ ಭಾರತೀಯ ರಾಯಭಾರ ಕಚೇರಿ ಮುಂದೆ ನಿಂತರು. ಶಿಕಾಗೋದಲ್ಲಿ ಓದುತ್ತಿದ್ದ ಆನಂದ್ ಕುಮಾರ್ ಅವರ ವಿದ್ಯಾರ್ಥಿವೇತನವನ್ನು ಭಾರತ ಸರ್ಕಾರ ಕಿತ್ತುಕೊಂಡಿತು.

ದೂರದಲ್ಲಿ ಕೂತು ಮಾತಾಡುವುದು ಸುಲಭ ಎನ್ನುವವರು ಇನ್ನೊಬ್ಬರನ್ನೂ ನೋಡಬೇಕು. ಆ ಸಂಘ ಕಟ್ಟಿದವರಲ್ಲಿ ಒಬ್ಬರು ಕನ್ನಡಿಗ ಎಸ್.ಆರ್. ಹಿರೇಮಠ. ಓದಲು ಹೋಗಿ ಅಲ್ಲೇ ಕೆಲಸದಲ್ಲಿದ್ದವರು, 1979ರಲ್ಲಿ ಎಲ್ಲ ಬಿಟ್ಟು ಧಾರವಾಡದ ಸೀಮೆಗೆ ಮರಳಿದರು. ಮುಂದೆ ಬಳ್ಳಾರಿಯ ಅಕ್ರಮ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿಸಿದವರು ಇವರೇ. ಇಂಥವರಿಂದ ದೇಶಕ್ಕೆ ಕೆಟ್ಟ ಹೆಸರು ಬಂತೆಂದು ಯಾರು ಹೇಳಿಯಾರು?

ಹುಣಸೂರು ದಾಟಿದರೆ ಬೈಲಕುಪ್ಪೆ. 2008ರ ಮಾರ್ಚ್‌ನಲ್ಲಿ ಲಾಸಾದಲ್ಲಿ ಭಿಕ್ಷುಗಳ ಮೆರವಣಿಗೆಯ ಮೇಲೆ ಚೀನಾ ಪೊಲೀಸರು ಮುರಿದುಬಿದ್ದಾಗ, ತವರನ್ನು ಕಣ್ಣಾರೆ ಕಾಣದ ಟಿಬೆಟನ್ ಹುಡುಗರು ಕರ್ನಾಟಕದಲ್ಲಿ ಬೀದಿಗಿಳಿದರು. ಇಲ್ಲಿನ ಜನ ಅವರನ್ನು ಸಹಾನುಭೂತಿಯಿಂದಲೇ ಕಂಡರು. ಅವರಿಗೊಂದು ನ್ಯಾಯ, ಸ್ವಂತ ಮಕ್ಕಳಿಗೊಂದು ನ್ಯಾಯವೆ?

ಹೊರಗಿದ್ದವರಿಗೂ ಒಂದು ಕಟ್ಟುಪಾಡು ಬೇಕು. ಲಾಠಿ ಬೀಳುವುದು ಇಲ್ಲಿರುವವರ ಬೆನ್ನಿಗೆ. ಕಲ್ಲು ಹೊಡೆಯಿರೆಂದು ದೂರದಿಂದ ಹುರಿದುಂಬಿಸುವುದು ಬೇರೆ, ಏಟು ತಿಂದವರ ಪರ ಸಾಕ್ಷಿ ಹೇಳುವುದು ಬೇರೆ. ಬಂದ ಸುದ್ದಿಯನ್ನು ಎರಡು ಸಲ ವಿಚಾರಿಸಿ, ನಿಜವನ್ನಷ್ಟೇ ಹೇಳಲಿ. ಗಾಯಗೊಂಡವರ ಔಷಧಿಗೆ, ವಕೀಲರ ಖರ್ಚಿಗೆ ಕೈಲಾದುದನ್ನು ಕಾನೂನು ಪ್ರಕಾರ ಕಳಿಸಲಿ. ಇಷ್ಟು ಜವಾಬ್ದಾರಿಯಿಂದ ನಡೆಯುವವರನ್ನು ದೇಶದ್ರೋಹಿ ಎನ್ನುವ ಮೊದಲು ಪುಢಾರಿಗಳು ಶಿವಪುರದ ಸತ್ಯಾಗ್ರಹ ಸೌಧದ ತನಕ ಒಮ್ಮೆ ಹೋಗಿಬರಲಿ.