ರಾಹುಲ್ ಡೈರಿ, ಭಾಗ 4: ಹೊಡೆದಾಗ ಮಾತ್ರ ‘ನಮ್ಮ ಹುಡುಗ’ನಾ?

2014ರ ಡಿಸೆಂಬರ್, ಮೆಲ್ಬರ್ನ್. ಕೆ.ಎಲ್. ರಾಹುಲ್ ಮೊದಲ ಟೆಸ್ಟ್: 3 ಮತ್ತು 1. ಮುಂದಿನ ಟೆಸ್ಟಲ್ಲೇ ಸಿಡ್ನಿಯಲ್ಲಿ 110! ಪ್ರೈಮರಿ ಸ್ಕೂಲಲ್ಲಿದ್ದ ನಾವು ‘ನಮ್ಮ ಹುಡುಗ’ ಅಂತ ಕುಣಿದಿದ್ವಿ.

2023ರ ವಿಶ್ವಕಪ್ ಫೈನಲ್. 107 ಬಾಲ್‌ಗೆ 66. ಅವತ್ತು ಭಾರತದ ಪರ ಅದಕ್ಕಿಂತ ಜಾಸ್ತಿ ಯಾರೂ ಹೊಡೀಲಿಲ್ಲ. ಆದ್ರೂ ಸೋಲಿಗೆಲ್ಲ ಅವನೇ ಕಾರಣ ಅಂತ ಮೀಮ್ ಹಂಚಿದ್ವಿ. ನಾನೂ ಹಂಚಿದ್ದೆ, ಒಪ್ಕೋತೀನಿ.

2025ರಲ್ಲಿ ಡೆಲ್ಲಿ ಪರ ಆಡ್ತಾ ಚಿನ್ನಸ್ವಾಮಿಯಲ್ಲಿ ನಮ್ಮ ಆರ್‌ಸಿಬಿ ಮೇಲೇನೇ 93 ನಾಟೌಟ್. ಬ್ಯಾಟಿಂದ ನೆಲದ ಮೇಲೆ ಸುತ್ತು ಗೆರೆ ಎಳೆದು, ಇದು ನನ್ನ ಗ್ರೌಂಡ್ ಅಂತ ತೋರಿಸಿದ. ತಕ್ಷಣ ಎಲ್ಲರ ಸ್ಟೋರಿಲೂ ‘ಹೆಮ್ಮೆಯ ಕನ್ನಡಿಗ’!

ಇದು ಅಭಿಮಾನನಾ ಗುರು? ಮುಂದಿನ ಸಲ ಅವನು ಸೊನ್ನೆಗೆ ಔಟಾದ ದಿನ ‘ನಮ್ಮ ಹುಡುಗ’ ಅಂತ ಸ್ಟೋರಿ ಹಾಕಿ, ನೋಡೋಣ. ನಾನಂತೂ ಹಾಕ್ತೀನಿ.