ಬೆಳ್ಳಿತೆರೆಯಿಂದ ಪುಸ್ತಕದೆಡೆಗೆ: ಪ್ರೌಢಶಾಲೆಗಳು ಹಿಡಿಯದ ದಾರಿ

ಬೆಂಗಳೂರು: 1985ರಲ್ಲಿ ತೆರೆಕಂಡ ‘ಬೆಟ್ಟದ ಹೂವು’ ಚಿತ್ರದ ಬಾಲಕ ರಾಮು, ಕಾಡಿನ ಹೂಗಳನ್ನು ಹುಡುಕಿ ತಂದು ವಿದೇಶಿ ಮಹಿಳೆಯೊಬ್ಬರಿಗೆ ಮಾರುತ್ತಾನೆ. ಬಂದ ಕಾಸನ್ನು ಅವನು ಕೂಡಿಡುವುದು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳುವ ಆಸೆಯಿಂದ. ಆದರೆ ಹಣ ಕೈಸೇರುವ ಹೊತ್ತಿಗೆ ಮನೆಯವರು ಚಳಿಯಲ್ಲಿ ನಡುಗುತ್ತಿರುತ್ತಾರೆ. ಕೊಳ್ಳಬೇಕಾದದ್ದು ಪುಸ್ತಕವೋ, ಕಂಬಳಿಯೋ? ಈ ಪಾತ್ರಕ್ಕಾಗಿ ಪುನೀತ್ ರಾಜ್‌ಕುಮಾರ್ ಅವರಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ದೊರೆಯಿತು.

ಒಂಬತ್ತನೇ ತರಗತಿಯ ಕೊಠಡಿಯಲ್ಲಿ ಚಿತ್ರವನ್ನು ಇದೇ ಘಟ್ಟದಲ್ಲಿ ನಿಲ್ಲಿಸಿ, ‘ನೀವಾಗಿದ್ದರೆ ಏನು ಕೊಳ್ಳುತ್ತಿದ್ದಿರಿ?’ ಎಂದು ಶಿಕ್ಷಕರು ಕೇಳಿದರೆ ಅದಕ್ಕೆ ಗೈಡ್‌ನಲ್ಲಿ ಉತ್ತರ ಸಿಗದು. ಹಿಂದಿನ ಬೆಂಚಿನ ವಿದ್ಯಾರ್ಥಿಗೂ ಮುಂದಿನ ಬೆಂಚಿನ ವಿದ್ಯಾರ್ಥಿಗೂ ಇಲ್ಲಿ ಸಮಾನ ಅಧಿಕಾರ. ಚಲನಚಿತ್ರವು ಪಾಠದ ನಡುವಿನ ಮನರಂಜನೆಯಾಗಿ ಉಳಿಯದೆ ಬೋಧನೆಯ ಸಾಧನವಾಗುವುದು ಇಂತಹ ಕ್ಷಣದಲ್ಲಿ.

ಮರೆಗೆ ಸರಿದ ಪ್ರಶ್ನೆ

ರಾಜ್ಯದಲ್ಲಿ ಶಾಲಾ ಶಿಕ್ಷಣ ಕುರಿತ ಚರ್ಚೆಗೆ ಬರವಿಲ್ಲ. 2022ರಲ್ಲಿ ರೋಹಿತ್ ಚಕ್ರತೀರ್ಥ ನೇತೃತ್ವದ ಸಮಿತಿ ಪರಿಷ್ಕರಿಸಿದ ಪಠ್ಯಪುಸ್ತಕಗಳು ವಿವಾದಕ್ಕೆ ಗುರಿಯಾದವು. 2023ರಲ್ಲಿ ಸರ್ಕಾರ ಬದಲಾದ ಬೆನ್ನಿಗೇ ಕೆಲವು ಪಾಠಗಳು ಮತ್ತೆ ಬದಲಾದವು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿದಾಗ ಬೋಧನಾ ಮಾಧ್ಯಮ ಹಾಗೂ ದ್ವಿಭಾಷಾ ಸೂತ್ರದ ಚರ್ಚೆ ಬಿರುಸುಗೊಂಡಿತು. ಯಾವ ಪಾಠವಿರಬೇಕು, ಯಾವ ಭಾಷೆಯಲ್ಲಿರಬೇಕು ಎಂಬ ವಾಗ್ವಾದದ ನಡುವೆ, ಇರುವ ಪಾಠವನ್ನು ಮಕ್ಕಳು ಮನಸ್ಸಿಟ್ಟು ಓದುತ್ತಿದ್ದಾರೆಯೇ ಎಂಬ ಪ್ರಶ್ನೆ ಮಾತ್ರ ಮರೆಗೆ ಸರಿಯಿತು.

ಈ ಪ್ರಶ್ನೆ ಲಘುವಾದುದಲ್ಲ. 26 ರಾಜ್ಯಗಳ 28 ಜಿಲ್ಲೆಗಳ ಗ್ರಾಮೀಣ ಭಾಗದಲ್ಲಿ 14ರಿಂದ 18 ವರ್ಷ ವಯಸ್ಸಿನವರನ್ನು ಕುರಿತು ನಡೆದ 2023ರ ‘ಅಸರ್’ ಸಮೀಕ್ಷೆಯ ಪ್ರಕಾರ, ಸುಮಾರು ಶೇ 25ರಷ್ಟು ಮಂದಿಗೆ ತಮ್ಮ ಪ್ರಾದೇಶಿಕ ಭಾಷೆಯಲ್ಲಿ ಎರಡನೇ ತರಗತಿಯ ಪಠ್ಯವನ್ನೂ ಸರಾಗವಾಗಿ ಓದಲು ಬಾರದು. ಅದೇ ಸಮೀಕ್ಷೆಯಲ್ಲಿ, ಶೇ 90ರ ಸಮೀಪದಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದು ಅದನ್ನು ಬಳಸಲೂ ಅವರಿಗೆ ಬರುತ್ತದೆ. ಅಕ್ಷರ ದೂರ, ಚಿತ್ರ ಹತ್ತಿರ ಎಂಬುದು ಈ ಪೀಳಿಗೆಯ ವಾಸ್ತವ.

ಓದಿನಲ್ಲಿ ಹಿಂದುಳಿದ ವಿದ್ಯಾರ್ಥಿಯ ಓದು ಎರಡನೇ ತರಗತಿಯದ್ದಾದರೂ ಅವನ ಬುದ್ಧಿ, ಭಾವನೆ, ಅನುಭವಗಳು ಹದಿನಾಲ್ಕು ವರ್ಷದವುಗಳೇ. ಅವನಿಗೆ ಚಿಕ್ಕಮಕ್ಕಳ ಕಥೆ ಕೊಟ್ಟರೆ ಅವಮಾನ, ಪ್ರೌಢ ಪಠ್ಯ ಕೊಟ್ಟರೆ ದಿಗಿಲು. ಕಥೆಯನ್ನು ಮೊದಲು ತೆರೆಯ ಮೇಲೆ ಕಂಡಾಗ ಪಾತ್ರಗಳೂ ಸನ್ನಿವೇಶವೂ ಪರಿಚಿತವಾಗುತ್ತವೆ. ಬಳಿಕ ಪುಟ ತೆರೆದಾಗ ಏನಾಯಿತು ಎಂದು ತಿಳಿಯಲು ತಡಕಾಡಬೇಕಿಲ್ಲ. ಭಾಷೆಯತ್ತ ಮಾತ್ರ ಗಮನ ಕೊಟ್ಟರೆ ಸಾಕು.

ಒಂದು ಪುಸ್ತಕ, ನಾಲ್ಕು ಚಿತ್ರ

ಇದಕ್ಕೆ ಬೇಕಾದ ಸಾಮಗ್ರಿ ಕನ್ನಡದಲ್ಲಿ ಧಾರಾಳವಾಗಿದೆ. ಪೂರ್ಣಚಂದ್ರ ತೇಜಸ್ವಿ ಅವರ ‘ಅಬಚೂರಿನ ಪೋಸ್ಟಾಫೀಸು’ ಎಂಬ ಒಂದೇ ಕಥಾಸಂಕಲನ ನಾಲ್ಕು ಚಿತ್ರಗಳಿಗೆ ಮೂಲವಾಗಿದೆ. ಶೀರ್ಷಿಕೆ ಕಥೆಯನ್ನು ಎನ್. ಲಕ್ಷ್ಮೀನಾರಾಯಣ್ 1973ರಲ್ಲಿ ತೆರೆಗೆ ತಂದರು. ‘ಬೆಟ್ಟದ ಹೂವು’ ನಿರ್ದೇಶಿಸಿದವರೂ ಅವರೇ. ‘ತಬರನ ಕಥೆ’ ಗಿರೀಶ ಕಾಸರವಳ್ಳಿ ಅವರ ಕೈಯಲ್ಲಿ ಚಿತ್ರವಾಗಿ ರಾಷ್ಟ್ರಮಟ್ಟದಲ್ಲಿ ಶ್ರೇಷ್ಠ ಚಿತ್ರವೆಂಬ ಮನ್ನಣೆ ಪಡೆಯಿತು. ‘ಕುಬಿ ಮತ್ತು ಇಯಾಲ’ವನ್ನು ಸದಾನಂದ ಸುವರ್ಣ ನಿರ್ದೇಶಿಸಿದರು. 2023ರಲ್ಲಿ ಶಶಾಂಕ್ ಸೋಗಾಲ್ ನಿರ್ದೇಶನದ ‘ಡೇರ್‌ಡೆವಿಲ್ ಮುಸ್ತಾಫಾ’ ಬಂದಿತು. ತೇಜಸ್ವಿ ಅವರ ಓದುಗರೇ ಹಣ ಹೂಡಿ ಕಟ್ಟಿದ ಈ ಚಿತ್ರಕ್ಕೆ ರಾಜ್ಯ ಸರ್ಕಾರ ತೆರಿಗೆ ವಿನಾಯಿತಿಯನ್ನೂ ನೀಡಿತು.

ತಬರನನ್ನೇ ನೋಡಬಹುದು. ನಿವೃತ್ತನಾದ ಬಡ ನೌಕರನೊಬ್ಬ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿರುವಾಗಲೇ ಮನೆಯಲ್ಲಿ ಹೆಂಡತಿಯ ಕಾಯಿಲೆ ಉಲ್ಬಣಿಸುತ್ತದೆ. ನಿಗದಿತ ಅವಧಿಯಲ್ಲಿ ನಾಗರಿಕ ಸೇವೆ ನೀಡಬೇಕೆಂದು ವಿಧಿಸುವ, ‘ಸಕಾಲ’ ಎಂದು ಹೆಸರಾದ ಕಾಯ್ದೆಯನ್ನು ಕರ್ನಾಟಕ ರೂಪಿಸಿದ್ದು 2011ರಲ್ಲಿ. ಕಥೆ, ಚಿತ್ರ, ಕಾಯ್ದೆ ಮೂರನ್ನೂ ಜೊತೆಗಿಟ್ಟರೆ ಕನ್ನಡದ ಅವಧಿಯೇ ಸಮಾಜ ವಿಜ್ಞಾನದ ಅವಧಿಯೂ ಆಗುತ್ತದೆ. ಇಂದು ತಬರ ಅರ್ಜಿ ಹಾಕಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ವಿದ್ಯಾರ್ಥಿಗಳು ತಮ್ಮ ಅಜ್ಜ, ಅಜ್ಜಿಯರನ್ನು ಕೇಳಿಯೇ ಉತ್ತರ ಬರೆಯಬಹುದು.

ಕಾಲೇಜಿಗೆ ಬಂದ ಮುಸ್ಲಿಂ ವಿದ್ಯಾರ್ಥಿಯೊಬ್ಬನನ್ನು ಸಹಪಾಠಿಗಳು ಹೇಗೆ ಕಂಡರು ಎಂಬ ‘ಮುಸ್ತಾಫಾ’ ಕಥೆಯಂತೂ ಇಂದಿನ ತರಗತಿಗೆ ನೇರವಾಗಿ ಸಲ್ಲುತ್ತದೆ. ಸಣ್ಣಕಥೆಯೊಂದು ಎರಡು ಗಂಟೆಗೂ ಮೀರಿದ ಚಿತ್ರವಾದಾಗ ಏನು ಸೇರಿತು, ಏನು ಬದಲಾಯಿತು ಎಂದು ಪಟ್ಟಿ ಮಾಡಲು ಹೇಳಿದರೆ, ಚಿತ್ರವನ್ನಷ್ಟೇ ನೋಡಿದವರು ಬರೆಯಲಾರರು. ಪುಸ್ತಕ ತೆರೆಯಲೇಬೇಕು. ಚಿತ್ರ ನೋಡಿದರೆ ಮಕ್ಕಳು ಓದುವುದನ್ನೇ ಬಿಡುತ್ತಾರೆ ಎಂಬ ಆಕ್ಷೇಪಕ್ಕೆ ಇದೇ ಉತ್ತರ. ಆ ಆತಂಕ ನಿಜವಾಗುವುದು ಶಿಕ್ಷಕರು ಚಿತ್ರ ಹಾಕಿ ಎದ್ದುಹೋದಾಗ.

ಅಡ್ಡಿ ಕಾನೂನಿನದಲ್ಲ

ಶಾಲೆಯಲ್ಲಿ ಚಿತ್ರ ತೋರಿಸುವುದು ಕಾನೂನುಬಾಹಿರವೆಂಬ ಅಳುಕು ಹಲವರಲ್ಲಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಅಂಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಹಾಗೂ ಆ ಚಟುವಟಿಕೆಗೆ ಸಂಬಂಧಿಸಿದವರಿಗೆ ಮಾತ್ರ ಸೀಮಿತವಾದ ಚಿತ್ರ ಪ್ರದರ್ಶನಕ್ಕೆ ವಿನಾಯಿತಿ ನೀಡಿದೆ. ಊರಿಗೆಲ್ಲ ಟಿಕೆಟ್ ಮಾರಿದರೆ ಅದು ಅನ್ವಯಿಸದು. ವಯಸ್ಸಿಗೆ ತಕ್ಕ ಚಿತ್ರ ಆರಿಸಲು 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯೂ ನೆರವಾಗುತ್ತದೆ. ಅದರಂತೆ ಯು/ಎ ಪ್ರಮಾಣಪತ್ರವನ್ನು 7, 13 ಮತ್ತು 16 ವರ್ಷ ಮೇಲ್ಪಟ್ಟವರೆಂದು ಮೂರು ಹಂತಗಳಾಗಿ ವಿಂಗಡಿಸಲಾಗಿದೆ.

ನಿಜವಾದ ಅಡ್ಡಿ ಇರುವುದು ವೇಳಾಪಟ್ಟಿಯಲ್ಲಿ. ಮುಕ್ಕಾಲು ಗಂಟೆಯ ಅವಧಿಯಲ್ಲಿ ಎರಡು ಗಂಟೆಯ ಚಿತ್ರ ಹಿಡಿಸದು. ಹತ್ತನೇ ತರಗತಿ ಬಂತೆಂದರೆ ಪರೀಕ್ಷೆಗೆ ಬಾರದ ಯಾವುದೂ ವ್ಯರ್ಥವೆಂಬ ಭಾವನೆ ಶಾಲೆಯಲ್ಲೂ ಮನೆಯಲ್ಲೂ ಬಲಿಯುತ್ತದೆ. ಫಲಿತಾಂಶ ಕುಸಿದರೆ ಉತ್ತರ ಹೇಳಬೇಕಾದ ಶಿಕ್ಷಕರು ಈ ಸಾಹಸಕ್ಕೆ ಹಿಂಜರಿಯುವುದು ಸಹಜ. ಇಡೀ ಚಿತ್ರ ತೋರಿಸಬೇಕೆಂಬ ನಿಯಮವೇನೂ ಇಲ್ಲ. ಆಯ್ದ ಹತ್ತು ನಿಮಿಷದ ದೃಶ್ಯ, ಅದೇ ಭಾಗದ ಎರಡು ಪುಟ, ಉಳಿದ ವೇಳೆಯಲ್ಲಿ ಚರ್ಚೆ ಎಂದು ಹೊಂದಿಸಿದರೆ ಒಂದು ಅವಧಿ ಸಾಕು. ಎಂಟು ಮತ್ತು ಒಂಬತ್ತನೇ ತರಗತಿಗಳಲ್ಲೇ ಇದನ್ನು ಆರಂಭಿಸಿ, ವಿದ್ಯಾರ್ಥಿ ಬರೆದ ಹೋಲಿಕೆಯ ಟಿಪ್ಪಣಿಗೆ ಆಂತರಿಕ ಮೌಲ್ಯಮಾಪನದಲ್ಲಿ ಅಂಕ ನೀಡಿದರೆ ಪೋಷಕರ ಆಕ್ಷೇಪವೂ ಕಡಿಮೆಯಾದೀತು.

ಪುಸ್ತಕದ ಲಭ್ಯತೆ ಇನ್ನೊಂದು ಕೊರತೆ. ಒಂದೇ ಪ್ರತಿಯನ್ನು ನಲವತ್ತು ಮಂದಿ ಹಂಚಿಕೊಳ್ಳಲಾಗದು. ಗ್ರಾಮ ಪಂಚಾಯಿತಿಗಳ ‘ಅರಿವು ಕೇಂದ್ರ’ಗಳೂ ನಗರದ ಸಾರ್ವಜನಿಕ ಗ್ರಂಥಾಲಯಗಳೂ ಸಮೀಪದ ಪ್ರೌಢಶಾಲೆಯೊಂದಿಗೆ ಕೈಜೋಡಿಸಿ, ಚಿತ್ರವಾದ ಕೃತಿಗಳ ಕೆಲವು ಪ್ರತಿಗಳನ್ನಾದರೂ ಇರಿಸಿಕೊಂಡರೆ ಈ ಕೊರತೆಯನ್ನು ನೀಗಿಸಲು ಸಾಧ್ಯ.

ಸಿದ್ಧತೆಯಿಲ್ಲದಿದ್ದರೆ ಅಪಾಯ

ಎಚ್ಚರಿಕೆಯೂ ಅಗತ್ಯ. ಶಿವರಾಮ ಕಾರಂತರ 1933ರ ಕಾದಂಬರಿ ‘ಚೋಮನ ದುಡಿ’ಯನ್ನು ಬಿ.ವಿ. ಕಾರಂತರು 1975ರಲ್ಲಿ ಚಿತ್ರವಾಗಿಸಿದರು. ಉಳಲು ತುಂಡು ಭೂಮಿ ಬೇಕೆಂಬ ಚೋಮನ ಆಸೆ ಅಸ್ಪೃಶ್ಯನೆಂಬ ಒಂದೇ ಕಾರಣಕ್ಕೆ ಕೈಗೂಡದು. ದಲಿತ ವಿದ್ಯಾರ್ಥಿಗಳಿರುವ ತರಗತಿಯಲ್ಲಿ ಇದನ್ನು ಪೂರ್ವಸಿದ್ಧತೆಯಿಲ್ಲದೆ ತೋರಿಸಿದರೆ ಸಹಪಾಠಿಗಳ ಕಣ್ಣು ತೆರೆಯಿಂದ ಅವರತ್ತ ಹೊರಳುವ ಅಪಾಯವಿದೆ. ಅದೇ ಚಿತ್ರವನ್ನು ಭೂಸುಧಾರಣೆಯ ಪಾಠದೊಂದಿಗೆ, ಸಂವಿಧಾನದ 17ನೇ ವಿಧಿಯೊಂದಿಗೆ ಇರಿಸಿದರೆ ಪ್ರಶ್ನೆ ಚೋಮನಿಂದ ಸಮಾಜದ ಕಡೆಗೆ ತಿರುಗುತ್ತದೆ. ಈ ವ್ಯತ್ಯಾಸ ಮಾಡಬಲ್ಲವರು ಶಿಕ್ಷಕರು ಮಾತ್ರ. ಸ್ಮಾರ್ಟ್ ಕ್ಲಾಸ್‌ಗೆ ಪರದೆ ಒದಗಿಸುವ ಇಲಾಖೆ ಅದರ ಮೇಲೆ ಏನು ತೋರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೂ ತರಬೇತಿ ನೀಡಬೇಕಾಗಿದೆ.

‘ಬೆಟ್ಟದ ಹೂವು’ ಚಿತ್ರದ ರಾಮು ಕೊನೆಗೆ ಕಂಬಳಿಯನ್ನೇ ಕೊಳ್ಳುತ್ತಾನೆ. ಆ ಬಾಲಕನಿಗೆ ಓದುವ ಹಂಬಲವಿತ್ತು, ಪುಸ್ತಕ ಕೈಗೆಟುಕಲಿಲ್ಲ. ಇಂದು ಸರ್ಕಾರ ತನ್ನ ಶಾಲೆಗಳ ಮಕ್ಕಳಿಗೆ ಪಠ್ಯಪುಸ್ತಕವನ್ನು ಉಚಿತವಾಗಿ ಕೈಗಿಡುತ್ತಿದೆ. ಹಂಬಲ ಹುಟ್ಟಿಸುವ ಕೆಲಸ ಬಾಕಿ ಉಳಿದಿದೆ.